ರಾಸಾಯನಿಕ ಎಂಜಿನಿಯರ್‌ಗಳ ದೀರ್ಘಕಾಲದ ವೃತ್ತಿ ಮತ್ತು ಕೆಲಸದ ತೃಪ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಇಟಿ ಕೌನ್ಸೆಲಿಂಗ್‌ನಲ್ಲಿ ಆಯ್ಕೆಪಟ್ಟಿ ತುಂಬಲು ಕುಳಿತಿರುವ ವಿದ್ಯಾರ್ಥಿಗಳು, ಅವರ ತಂದೆ-ತಾಯಿ, ಮತ್ತು ಕಾರ್ಖಾನೆಯಲ್ಲಿ ಮೂರು-ನಾಲ್ಕು ವರ್ಷ ಕಳೆದು ಮುಂದೇನು ಎಂದು ಯೋಚಿಸುತ್ತಿರುವ ಯುವ ಎಂಜಿನಿಯರ್‌ಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉತ್ತರಗಳ ಹಿಂದೆ ಒಂದು ನಿಲುವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ವೃತ್ತಿಯಲ್ಲಿ ಸಮಾಧಾನವಾಗಿ ಬಾಳುವುದು ಪದವಿಯ ಹೆಸರನ್ನು ಅವಲಂಬಿಸಿಲ್ಲ. ಯಾವ ಬಗೆಯ ಕೆಲಸ, ಯಾವ ಊರಿನಲ್ಲಿ, ಸುರಕ್ಷತೆಯನ್ನು ಎಷ್ಟು ಗೌರವಿಸುವ ಆಡಳಿತದ ಕೈಕೆಳಗೆ ಎಂಬ ಮೂರು ಸಂಗತಿಗಳು ಅದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ.

ರಾಸಾಯನಿಕ ಎಂಜಿನಿಯರ್ ನಿಜಕ್ಕೂ ಏನು ಮಾಡುತ್ತಾರೆ? ರಸಾಯನಶಾಸ್ತ್ರ ಓದಿದವರಿಗೂ ಇವರಿಗೂ ಏನು ವ್ಯತ್ಯಾಸ?

ರಸಾಯನಶಾಸ್ತ್ರ ಓದಿದವರು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಹತ್ತು ಗ್ರಾಂ ತಯಾರಿಸಿದ ವಸ್ತುವನ್ನು ದಿನಕ್ಕೆ ಹತ್ತು ಟನ್ ಲೆಕ್ಕದಲ್ಲಿ, ಒಂದೇ ಗುಣಮಟ್ಟದಲ್ಲಿ, ಯಾರಿಗೂ ಅಪಾಯವಾಗದಂತೆ, ಕೈಗೆಟಕುವ ಬೆಲೆಗೆ ತಯಾರಿಸುವುದು ರಾಸಾಯನಿಕ ಎಂಜಿನಿಯರ್‌ನ ಕೆಲಸ. ಪೆನಿಸಿಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಅದನ್ನು ಗುರುತಿಸಿದರೂ, ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಸಾವಿರಾರು ಗಾಯಾಳುಗಳಿಗೆ ಸಿಗುವಂತಾದದ್ದು ದೊಡ್ಡ ಟ್ಯಾಂಕುಗಳಲ್ಲಿ ಗಾಳಿ ಹಾಯಿಸಿ ಬೂಷ್ಟನ್ನು ಬೆಳೆಸುವ ವಿಧಾನ ಬಂದ ಮೇಲೆ. ಆ ಬಗೆಯ ಮೊದಲ ವಾಣಿಜ್ಯ ಸ್ಥಾವರದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದವರು ಮಾರ್ಗರೆಟ್ ಹಚಿನ್ಸನ್ ರೂಸೋ. 1937ರಲ್ಲಿ ಮ್ಯಾಸಚೂಸೆಟ್ಸ್‌ನ ಎಂಐಟಿಯಿಂದ ರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದ ಅವರು ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ.

ನಮ್ಮಲ್ಲೂ ಇದು ಹೊಸದಲ್ಲ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಜರ್ಮನಿಗೆ ಹೋಗುವುದು ನಿಂತು ದಾಸ್ತಾನು ಬೆಳೆದಾಗ, ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ಆರಂಭಿಸಿತು. ಹಬೆ ಹಾಯಿಸಿ ಎಣ್ಣೆಯನ್ನು ಬೇರ್ಪಡಿಸುವ ಆ ಕ್ರಿಯೆಯನ್ನು ಇಂದಿಗೂ ಮಾಸ್ ಟ್ರಾನ್ಸ್‌ಫರ್ (ಮಿಶ್ರಣಗಳಿಂದ ವಸ್ತುಗಳನ್ನು ಬೇರ್ಪಡಿಸುವ ವಿಷಯ) ತರಗತಿಯಲ್ಲಿ ಪಾಠ ಮಾಡುತ್ತಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಆರಂಭದಲ್ಲಿ ಮರವನ್ನು ಬಟ್ಟಿ ಇಳಿಸುವ ಘಟಕದೊಂದಿಗೇ ಹುಟ್ಟಿದ್ದು.

ಪೆಟ್ರೋಲ್, ಡೀಸೆಲ್ ಬಳಕೆ ಕಡಿಮೆಯಾದರೆ ಈ ವೃತ್ತಿಯೂ ಮುಗಿಯುತ್ತದೆಯೇ?

ಈ ಆತಂಕಕ್ಕೆ ಅರ್ಥವಿದೆ. ಇಷ್ಟು ವರ್ಷ ಒಳ್ಳೆಯ ಸಂಬಳದ ಕೆಲಸಗಳಲ್ಲಿ ದೊಡ್ಡ ಪಾಲು ತೈಲ ಸಂಸ್ಕರಣೆ ಮತ್ತು ಪೆಟ್ರೋಕೆಮಿಕಲ್ ಕ್ಷೇತ್ರದಿಂದಲೇ ಬಂದಿದೆ. ಆದರೆ ಕಚ್ಚಾವಸ್ತು ಬದಲಾಗುವುದು ಈ ವೃತ್ತಿಗೆ ಹೊಸ ಅನುಭವವಲ್ಲ. ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆ ದಶಕಗಳ ಕಾಲ ಕಚ್ಚಾತೈಲದಿಂದ ಸಿಗುವ ನ್ಯಾಫ್ತಾ ಎಂಬ ಹಗುರ ದ್ರವದಿಂದ ಅಮೋನಿಯಾ ಮತ್ತು ಯೂರಿಯಾ ತಯಾರಿಸುತ್ತಿತ್ತು. ಕೊಚ್ಚಿ–ಮಂಗಳೂರು ನಡುವಿನ ಸುಮಾರು 450 ಕಿಲೋಮೀಟರ್ ಉದ್ದದ ಅನಿಲ ಕೊಳವೆಮಾರ್ಗ ಸಿದ್ಧವಾಗಿ 2021ರ ಜನವರಿಯಲ್ಲಿ ಉದ್ಘಾಟನೆಯಾದ ಆ ಅವಧಿಯಲ್ಲಿ ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಕಚ್ಚಾವಸ್ತು ಬದಲಾದರೂ ಅದನ್ನು ಹಬೆಯೊಂದಿಗೆ ಕಾಯಿಸಿ ಜಲಜನಕ ಪಡೆಯುವ ರಿಫಾರ್ಮರ್‌ನಲ್ಲಿ ಹಬೆ ಮತ್ತು ಇಂಗಾಲದ ಅನುಪಾತ ಎಷ್ಟಿರಬೇಕು, ಹೊಸ ಅನಿಲಕ್ಕೆ ಬರ್ನರ್ ಹೊಂದುತ್ತದೆಯೇ, ಶಾಖದ ಲೆಕ್ಕ ಎಲ್ಲಿ ಏರುಪೇರಾಗುತ್ತದೆ ಎಂದು ಹೇಳಬಲ್ಲವರ ಅಗತ್ಯ ಹಾಗೆಯೇ ಉಳಿಯಿತು. ಬದಲಾವಣೆಯ ಹೊತ್ತಿನಲ್ಲಿ ಅವರ ಬೆಲೆ ಹೆಚ್ಚುತ್ತದೆ ಎಂದರೂ ತಪ್ಪಾಗದು.

ಎಥನಾಲ್ ಇನ್ನೊಂದು ಕಥೆ. 2018ರ ಜೈವಿಕ ಇಂಧನ ನೀತಿ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2030ಕ್ಕೆ ಇಟ್ಟಿತ್ತು. ನಂತರ ಅದನ್ನು 2025-26ಕ್ಕೆ ತರಲಾಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಪಕ್ಕದಲ್ಲಿ ಡಿಸ್ಟಿಲರಿಗಳು ಬೆಳೆದದ್ದಕ್ಕೆ ಇದು ಮುಖ್ಯ ಕಾರಣ. ಎಥನಾಲ್–ನೀರಿನ ಮಿಶ್ರಣವನ್ನು ಮಾಮೂಲಿ ಬಟ್ಟಿಯಿಂದ ಎಷ್ಟು ಶುದ್ಧಗೊಳಿಸಿದರೂ ತೂಕದಲ್ಲಿ ಶೇ 95.6ರ ಹತ್ತಿರ ಅದು ನಿಂತುಬಿಡುತ್ತದೆ. ಇಂಧನಕ್ಕೆ ಬೇಕಾದ ಶೇ 99ಕ್ಕಿಂತ ಹೆಚ್ಚಿನ ಶುದ್ಧತೆಗೆ ಜಿಯೋಲೈಟ್ ಹರಳುಗಳಿರುವ ಮಾಲಿಕ್ಯುಲರ್ ಸೀವ್ (ನೀರಿನ ಅಣುಗಳನ್ನು ಹೀರಿಕೊಳ್ಳುವ ಜರಡಿ) ಬೇಕು. ಹೀಗೆ ಬಟ್ಟಿಯಿಂದ ಮತ್ತಷ್ಟು ಬೇರ್ಪಡದ ಮಿಶ್ರಣಕ್ಕೆ ಅಜಿಯೋಟ್ರೋಪ್ ಎನ್ನುತ್ತಾರೆ. ಈ ಪಾಠವನ್ನು ಪರೀಕ್ಷೆಗೆಂದು ಓದಿ ಮರೆತವರು ಅಲ್ಲಿ ಮತ್ತೆ ಪುಸ್ತಕ ತೆಗೆಯಬೇಕಾಗುತ್ತದೆ.

ಹಸಿರು ಜಲಜನಕದ, ಅಂದರೆ ನವೀಕರಿಸಬಹುದಾದ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವ ಜಲಜನಕದ ಬಗ್ಗೆ ಉತ್ಸಾಹವಿದೆ, ಸ್ವಲ್ಪ ಎಚ್ಚರವೂ ಬೇಕು. 2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿ ನಿಗದಿಯಾಗಿದ್ದು, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನಾ ಸಾಮರ್ಥ್ಯದ ಗುರಿ ಇಡಲಾಗಿದೆ. ಒಂದು ಕಿಲೋಗ್ರಾಂ ಜಲಜನಕಕ್ಕೆ ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬೇಕಾಗುವುದರಿಂದ, ಇದು ಎಷ್ಟು ಬೇಗ ಬೆಳೆಯುತ್ತದೆ ಎಂಬುದು ವಿದ್ಯುತ್ತಿನ ಬೆಲೆಯನ್ನೇ ನೆಚ್ಚಿಕೊಂಡಿದೆ. ಘೋಷಣೆಗಳನ್ನು ನೋಡಿ ಇದೊಂದೇ ವಿಷಯದಲ್ಲಿ ಪರಿಣತಿ ಪಡೆಯುವ ಬದಲು ವಿದ್ಯುತ್-ರಸಾಯನ, ಅನಿಲಗಳ ಸಂಕೋಚನ, ಪ್ರಕ್ರಿಯಾ ಸುರಕ್ಷತೆ (ಸ್ಥಾವರದಲ್ಲಿ ಸೋರಿಕೆ, ಬೆಂಕಿ, ಸ್ಫೋಟ ಆಗದಂತೆ ತಡೆಯುವುದು) ಇವುಗಳಲ್ಲಿ ಅಡಿಪಾಯ ಗಟ್ಟಿಮಾಡಿಕೊಳ್ಳುವುದು ಲೇಸು. ಅದೇ ಜ್ಞಾನ ಬ್ಯಾಟರಿ ವಸ್ತುಗಳ ತಯಾರಿಕೆಗೂ ಅಮೋನಿಯಾ ಘಟಕಕ್ಕೂ ನಡೆಯುತ್ತದೆ.

ಕೆಲಸದ ಸಂಖ್ಯೆಯ ವಿಚಾರದಲ್ಲಿ ನಿಜವನ್ನು ಮುಚ್ಚಿಡಬಾರದು. ಗಣಕೀಕೃತ ನಿಯಂತ್ರಣ ಬಂದ ಮೇಲೆ ಒಂದು ಸ್ಥಾವರಕ್ಕೆ ಬೇಕಾದ ಜನ ಕಡಿಮೆಯಾಗಿದ್ದಾರೆ. ರಾಸಾಯನಿಕ ಎಂಜಿನಿಯರಿಂಗ್ ಎಂದೂ ಲಕ್ಷಗಟ್ಟಲೆ ಜನರನ್ನು ಒಮ್ಮೆಗೇ ಸೇರಿಸಿಕೊಳ್ಳುವ ಕ್ಷೇತ್ರವಾಗಿರಲಿಲ್ಲ, ಮುಂದೆಯೂ ಆಗುವುದಿಲ್ಲ. ಇದು ಚಿಕ್ಕದಾದ, ಆದರೆ ಬೇಗ ಬಾಗಿಲು ಮುಚ್ಚದ ಕ್ಷೇತ್ರ.

ಕರ್ನಾಟಕದಲ್ಲೇ ಉಳಿದು ಕೆಲಸ ಮಾಡಲು ಸಾಧ್ಯವೇ?

ಸಾಧ್ಯ. ಆದರೆ ‘ಬೆಂಗಳೂರಿನಲ್ಲೇ’ ಎಂದು ಹಟ ಹಿಡಿದರೆ ಅವಕಾಶಗಳು ಬಹಳ ಕುಗ್ಗುತ್ತವೆ. ಮಂಗಳೂರಿನ ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಹೊಂದಿದೆ. ಅದರ ಸುತ್ತ ಪಾಲಿಪ್ರೊಪಿಲೀನ್, ಆರೊಮ್ಯಾಟಿಕ್ಸ್, ಗೊಬ್ಬರ ಮತ್ತು ಭೂಗತ ತೈಲ ಸಂಗ್ರಹಾಗಾರಗಳ ಒಂದು ಜಾಲವೇ ಇದೆ. ಸಂಗ್ರಹಾಗಾರಗಳು ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯ ಪಾದೂರಿನಲ್ಲೂ ಇವೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್, ತೋರಣಗಲ್ಲಿನಲ್ಲಿ ಉಕ್ಕು, ದಾಂಡೇಲಿಯಲ್ಲಿ ಕಾಗದ, ಹರಿಹರದ ಬಳಿ ಕೃತಕ ನೂಲಿನ ತಿರುಳು, ಬೀದರ್, ಯಾದಗಿರಿಯ ಕಡೇಚೂರು ಮತ್ತು ನಂಜನಗೂಡಿನಲ್ಲಿ ಔಷಧ ತಯಾರಿಕೆಯ ಘಟಕಗಳು. ಸಿಮೆಂಟ್ ಗೂಡಿಗೆ ರಾಸಾಯನಿಕ ಎಂಜಿನಿಯರ್ ಏಕೆ ಎಂದು ಕೆಲವರು ಕೇಳುತ್ತಾರೆ. ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಣ್ಣಕಲ್ಲು ಮತ್ತು ಜೇಡಿಯನ್ನು ಕ್ಲಿಂಕರ್ (ಪುಡಿಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆಗಳು) ಆಗಿ ಬದಲಾಯಿಸುವ ಕಿಲ್ನ್ ಒಂದು ದೊಡ್ಡ ರಿಯಾಕ್ಟರ್ ಅಲ್ಲದೆ ಬೇರೇನೂ ಅಲ್ಲ.

ಬೆಂಗಳೂರಿನಲ್ಲಿ ಕೆಲಸದ ಸ್ವರೂಪವೇ ಬೇರೆ. ಶೆಲ್, ಸಾಬಿಕ್‌ನಂತಹ ಕಂಪನಿಗಳ ತಂತ್ರಜ್ಞಾನ ಕೇಂದ್ರಗಳು, ಹೊಸಕೋಟೆ ಕಡೆಯ ಎಚ್‌ಪಿಸಿಎಲ್ ಸಂಶೋಧನಾ ಕೇಂದ್ರ, ಬಯೋಕಾನ್‌ನಂತಹ ಜೈವಿಕ ಔಷಧ ಕಂಪನಿಗಳು, ವಿನ್ಯಾಸ ಮಾಡಿಕೊಡುವ ಸಲಹಾ ಸಂಸ್ಥೆಗಳು ಇಲ್ಲಿವೆ. ಸ್ಥಾವರದ ವಾಸನೆ-ಸದ್ದು ಇಲ್ಲದ ಈ ಕೆಲಸ ಹಲವರಿಗೆ ಇಷ್ಟವಾಗುತ್ತದೆ. ಆದರೆ ಒಂದೆರಡು ವರ್ಷವಾದರೂ ಸ್ಥಾವರದಲ್ಲಿ ನಿಂತು ಬಂದವರು ವಿನ್ಯಾಸದ ಮೇಜಿನಲ್ಲಿ ಕಡಿಮೆ ತಪ್ಪು ಮಾಡುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಕ್ಷೆಯಲ್ಲಿ ವಾಲ್ವ್ ಬರೆಯುವವರಿಗೆ ಅದನ್ನು ತಿರುಗಿಸಲು ಕೈ ಎಟುಕುತ್ತದೆಯೇ ಎಂಬ ಪ್ರಶ್ನೆ ಹೊಳೆಯಬೇಕಾದರೆ ಒಮ್ಮೆಯಾದರೂ ಕೈ ಎಟುಕದೆ ಒದ್ದಾಡಿರಬೇಕು.

ನೀರನ್ನು ಬಹಳ ಜನ ಮರೆಯುತ್ತಾರೆ. 2019ರ ಬೇಸಿಗೆಯಲ್ಲಿ ನೇತ್ರಾವತಿಯಲ್ಲಿ ನೀರು ತಗ್ಗಿದಾಗ ಎಂಆರ್‌ಪಿಎಲ್ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ತರುವಾಯ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿನೀರಾಗಿಸುವ ಘಟಕ ಬಂತು. ತ್ಯಾಜ್ಯನೀರಿನ ಶುದ್ಧೀಕರಣ, ಮರುಬಳಕೆ, ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆಗಳು ಇವೆಲ್ಲ ಮುಂದಿನ ದಶಕಗಳಲ್ಲಿ ಬತ್ತದ ಕೆಲಸಗಳು.

ಮೊದಲ ಐದು ವರ್ಷ ಹೇಗಿರುತ್ತವೆ? ‘ಶಿಫ್ಟ್ ಜೀವನ’ದ ಬಗ್ಗೆ ಹೇಳುವುದೆಲ್ಲ ನಿಜವೇ?

ಬಹುಪಾಲು ನಿಜ. ಉತ್ಪಾದನಾ ವಿಭಾಗಕ್ಕೆ ಗ್ರಾಜುಯೇಟ್ ಎಂಜಿನಿಯರ್ ಟ್ರೇನಿಯಾಗಿ ಸೇರಿದವರು ಬೆಳಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಬೆಳಗ್ಗೆ ಆರು ಎಂಬಂತೆ ಸರದಿಯ ಪಾಳಿಗಳಲ್ಲಿ ದುಡಿಯಬೇಕು. ದೀಪಾವಳಿಯೂ ಯುಗಾದಿಯೂ ಪಾಳಿಪಟ್ಟಿಯಲ್ಲಿ ಬೇರೆ ದಿನಗಳಂತೆಯೇ ಬರುತ್ತವೆ. ವರ್ಷಕ್ಕೋ ಕೆಲವು ವರ್ಷಕ್ಕೋ ಒಮ್ಮೆ ಇಡೀ ಸ್ಥಾವರವನ್ನು ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಕಾಲದಲ್ಲಿ ಹನ್ನೆರಡು ಗಂಟೆಯ ದಿನಗಳು ವಾರಗಟ್ಟಲೆ ನಡೆಯುತ್ತವೆ. ನಿದ್ರೆ ಕೆಡುತ್ತದೆ, ಜೀರ್ಣ ಕೆಡುತ್ತದೆ, ಹೊರಗಿನ ಸ್ನೇಹಿತರ ಜೊತೆ ಸಮಯ ಹೊಂದುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತೆ ಯಾರಿಗೂ ಹೇಳಲಾರೆ.

ಆದರೆ ಈ ವೃತ್ತಿಯ ನಿಜವಾದ ಕಲಿಕೆ ನಡೆಯುವುದೂ ಅಲ್ಲೇ. ಪಾಳಿ ಬದಲಾಗುವ ಹತ್ತು-ಹದಿನೈದು ನಿಮಿಷಗಳನ್ನೇ ನೋಡಿ. ಹೊರಡುವ ಎಂಜಿನಿಯರ್ ಕಂಟ್ರೋಲ್ ರೂಮಿನಲ್ಲಿ ಲಾಗ್ ಬುಕ್ ತೆರೆದು ಹೇಳುತ್ತಾರೆ: ‘ಬಿ ಪಂಪಿನ ಸೀಲ್‌ನಿಂದ ಸಣ್ಣಗೆ ಹನಿ ಬೀಳ್ತಿದೆ. ಎ ಪಂಪ್ ಮೆಂಟೆನೆನ್ಸ್‌ನಲ್ಲಿದೆ, ಪರ್ಮಿಟ್ ಇನ್ನೂ ಕ್ಲೋಸ್ ಆಗಿಲ್ಲ. ಡ್ರಮ್ಮಿನ ಲೆವೆಲ್ ಸ್ಕ್ರೀನಿನಲ್ಲಿ ಅರವತ್ತು ತೋರಿಸ್ತಿದೆ, ಅದನ್ನ ನಂಬಬೇಡಿ, ಒಮ್ಮೆ ಫೀಲ್ಡಿಗೆ ಹೋಗಿ ಗೇಜ್ ಗ್ಲಾಸ್ ನೋಡಿ.’ ಈ ಮೂರು ವಾಕ್ಯಗಳಲ್ಲಿ ಒಂದು ಬಿಟ್ಟುಹೋದರೂ ಏನಾಗಬಹುದು ಎಂಬುದಕ್ಕೆ 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆಯಲ್ಲಿ ನಡೆದ ದುರಂತ ಸಾಕ್ಷಿ. ದುರಸ್ತಿಗೆಂದು ಸುರಕ್ಷತಾ ವಾಲ್ವ್ ಕಳಚಿದ್ದ ಪಂಪಿನ ಮಾಹಿತಿ ಮುಂದಿನ ಪಾಳಿಗೆ ಸರಿಯಾಗಿ ತಲುಪಲಿಲ್ಲ. ಆ ಪಂಪನ್ನು ಚಾಲೂ ಮಾಡಲಾಯಿತು. 167 ಜನ ಸತ್ತರು. ಲಾಗ್ ಬುಕ್ ಬರೆಯುವುದು ಗುಮಾಸ್ತಗಿರಿ ಎಂದು ಭಾವಿಸುವ ಯುವಕರಿಗೆ ಇದನ್ನು ಮೊದಲ ವಾರದಲ್ಲೇ ಹೇಳಬೇಕು.

ಹಿರಿಯ ಆಪರೇಟರ್‌ಗಳನ್ನು ಗೌರವಿಸಿ. ಪಂಪಿನ ಸದ್ದು ಬದಲಾದದ್ದನ್ನು ಕೇಳಿಯೇ ಸಕ್ಷನ್‌ನಲ್ಲಿ (ದ್ರವ ಒಳಬರುವ ಕಡೆ) ಕ್ಯಾವಿಟೇಶನ್ ಆಗುತ್ತಿದೆ, ಅಂದರೆ ಆವಿಯ ಗುಳ್ಳೆಗಳು ಏಳುತ್ತಿವೆ ಎಂದು ಹೇಳಬಲ್ಲ ಡಿಪ್ಲೊಮಾ ಓದಿದ ವ್ಯಕ್ತಿ, ಪದವಿ ಪಡೆದು ಬಂದ ಹೊಸಬರಿಗೆ ಗುರು. ಅವರ ಬಳಿ ಕೂತು ಕೇಳಿದವರು ಎರಡು ವರ್ಷದಲ್ಲಿ ಕಲಿಯುವುದನ್ನು, ಕೇಳದವರು ಹತ್ತು ವರ್ಷದಲ್ಲೂ ಕಲಿಯುವುದಿಲ್ಲ.

ಇಷ್ಟೆಲ್ಲ ಕಷ್ಟವಿದ್ದರೂ ತೃಪ್ತಿ ಎಲ್ಲಿಂದ ಬರುತ್ತದೆ?

ತನ್ನ ತೀರ್ಮಾನದ ಪರಿಣಾಮ ಕಣ್ಣಿಗೆ ಕಾಣುವುದರಿಂದ. ಕಚ್ಚಾತೈಲವನ್ನು ಕುಲುಮೆಗೆ ಕಳಿಸುವ ಮೊದಲು ಬಿಸಿ ದ್ರವದ ಶಾಖವನ್ನು ತಣ್ಣನೆಯದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ಗಳ ಸಾಲಿನಲ್ಲಿ ಬಿಸಿಮಾಡಲಾಗುತ್ತದೆ. ಅವುಗಳ ಕೊಳವೆಗಳಲ್ಲಿ ಕೊಳೆ ಕಟ್ಟುತ್ತಾ ಹೋದಂತೆ ತೈಲ ಕುಲುಮೆಯನ್ನು ಸೇರುವಾಗಿನ ತಾಪಮಾನ ತಗ್ಗುತ್ತದೆ. ಗಂಟೆಗೆ 500 ಟನ್ ತೈಲ ಹರಿಯುವ ಘಟಕದಲ್ಲಿ ಈ ತಾಪಮಾನ ಒಂದೇ ಒಂದು ಡಿಗ್ರಿ ಇಳಿದರೂ, ಅದನ್ನು ತುಂಬಿಕೊಡಲು ಕುಲುಮೆಯಲ್ಲಿ ಗಂಟೆಗೆ ಸುಮಾರು 35 ಕಿಲೋಗ್ರಾಂ ಇಂಧನ ಹೆಚ್ಚು ಉರಿಯಬೇಕು. ವರ್ಷಕ್ಕೆ ಅದು 300 ಟನ್ ಆಗುತ್ತದೆ. ಯಾವ ಎಕ್ಸ್‌ಚೇಂಜರ್ ಅನ್ನು ಯಾವಾಗ ಬೈಪಾಸ್ ಮಾಡಿ ತೊಳೆಯಬೇಕು ಎಂದು ಲೆಕ್ಕ ಹಾಕಿ, ಒಪ್ಪಿಗೆ ಪಡೆದು, ತೊಳೆಸಿ, ಮರುದಿನ ಸ್ಕ್ರೀನಿನಲ್ಲಿ ಎಂಟು ಡಿಗ್ರಿ ಏರಿದ್ದನ್ನು ನೋಡಿದ ಎಂಜಿನಿಯರ್‌ಗೆ ಸಿಗುವ ಸಂತೋಷವನ್ನು ಬೇರೆಯವರಿಗೆ ವಿವರಿಸುವುದು ಕಷ್ಟ. ಅದು ಬಡ್ತಿಪತ್ರದಿಂದ ಸಿಗುವ ಸಂತೋಷಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಅತೃಪ್ತಿಯ ಮೂಲವೂ ಇಲ್ಲೇ ಇದೆ. ಲೆಕ್ಕ ಹಾಕಿ ಕೊಟ್ಟ ಸಲಹೆ ವರ್ಷಗಟ್ಟಲೆ ಕಡತದಲ್ಲಿ ಕೊಳೆಯುವ ಕಡೆ, ದಿನವಿಡೀ ಉತ್ಪಾದನೆಯ ಅಂಕಿಯನ್ನು ಮಾತ್ರ ಕೇಳುವ ಮೇಲಧಿಕಾರಿಯ ಕೈಕೆಳಗೆ, ಬುದ್ಧಿವಂತರು ಬೇಗ ಬಾಡುತ್ತಾರೆ. ಆದ್ದರಿಂದ ಕೆಲಸ ಬೇಸರವಾಗಿದೆ ಎನ್ನುವವರು ಬೇಸರ ವೃತ್ತಿಯದೋ ಆ ಜಾಗದ್ದೋ ಎಂದು ಮೊದಲು ಬಿಡಿಸಿ ನೋಡಬೇಕು. ಅನೇಕ ಸಲ ಅದು ಜಾಗದ್ದೇ ಆಗಿರುತ್ತದೆ.

ಸಂಬಳ ಸಾಫ್ಟ್‌ವೇರ್‌ನವರಷ್ಟು ಸಿಗುತ್ತದೆಯೇ?

ಆರಂಭದಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಮೇಲ್ದರ್ಜೆಯ ಸಂಬಳಕ್ಕೆ ಹೋಲಿಸಿದರೆ ಇಲ್ಲ. ಸಣ್ಣ ಖಾಸಗಿ ಘಟಕಗಳಲ್ಲಿ ಮೊದಲ ಸಂಬಳ ಬೇಸರ ತರಿಸುವಷ್ಟು ಕಡಿಮೆ ಇರುವುದೂ ಉಂಟು. ಸಾರ್ವಜನಿಕ ವಲಯದ ಚಿತ್ರ ಬೇರೆ: 2017ರ ಪರಿಷ್ಕರಣೆಯ ಪ್ರಕಾರ ಅಧಿಕಾರಿಗಳ ಆರಂಭದ ಹಂತಗಳಲ್ಲೊಂದಾದ ಇ2 ಶ್ರೇಣಿಯ ಮೂಲವೇತನ 50,000ದಿಂದ 1,60,000 ರೂಪಾಯಿವರೆಗಿದ್ದು, ತುಟ್ಟಿಭತ್ಯೆ ಮತ್ತು ಇತರ ಭತ್ಯೆಗಳು ಅದರ ಮೇಲೆ ಸೇರುತ್ತವೆ. ಟೌನ್‌ಶಿಪ್‌ನ ಮನೆ, ಆಸ್ಪತ್ರೆ, ಶಾಲೆಗಳನ್ನು ಲೆಕ್ಕಕ್ಕೆ ಹಿಡಿದರೆ ಬೆಂಗಳೂರಿನ ಬಾಡಿಗೆ ಕಟ್ಟುವವರಿಗಿಂತ ತಿಂಗಳ ಕೊನೆಗೆ ಉಳಿಯುವುದು ಹೆಚ್ಚೇ ಇರಬಹುದು. ಇನ್ನೊಂದು ಅಂಶವೆಂದರೆ ಈ ಕ್ಷೇತ್ರದಲ್ಲಿ ವಯಸ್ಸಿನ ಜೊತೆ ಬೆಲೆ ಏರುತ್ತದೆ. ಐವತ್ತರ ಪ್ರಕ್ರಿಯಾ ಸುರಕ್ಷತಾ ತಜ್ಞರನ್ನು ಹುಡುಕಿಕೊಂಡು ಬರುತ್ತಾರೆ.

ಸಾರ್ವಜನಿಕ ವಲಯಕ್ಕೆ ಸೇರುವ ದಾರಿ ಯಾವುದು?

ಹಲವು ಸಂಸ್ಥೆಗಳು ಎಂಜಿನಿಯರಿಂಗ್ ಪದವೀಧರರಿಗೆ ರಾಷ್ಟ್ರಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆಯ ಅಂಕಗಳನ್ನು ಬಳಸುತ್ತವೆ. ಕೆಲವು ತಮ್ಮದೇ ಪರೀಕ್ಷೆ ನಡೆಸುತ್ತವೆ. ಗೇಟ್ ಅಂಕ ಮೂರು ವರ್ಷ ಮಾನ್ಯವಾದರೂ ನೇಮಕಾತಿಗೆ ಸಾಮಾನ್ಯವಾಗಿ ಪ್ರಕಟಣೆಯಲ್ಲಿ ಹೇಳಿದ ವರ್ಷದ ಅಂಕವನ್ನೇ ಕೇಳುತ್ತಾರೆ. ಅಣುಶಕ್ತಿ ಇಲಾಖೆಯ ತರಬೇತಿ ಶಾಲೆ ರಾಸಾಯನಿಕ ಎಂಜಿನಿಯರ್‌ಗಳನ್ನೂ ತೆಗೆದುಕೊಳ್ಳುತ್ತದೆ. ಸಂಶೋಧನೆಯ ಮನಸ್ಸುಳ್ಳವರು ಅದನ್ನು ಮರೆಯಬಾರದು. ಎರಡು-ಮೂರು ವರ್ಷ ಬೇರೆ ಕೆಲಸ ಬಿಟ್ಟು ಗೇಟ್ ಒಂದನ್ನೇ ನೆಚ್ಚಿ ಕೂರುವುದನ್ನು ಮಾತ್ರ ನಾನು ಬೆಂಬಲಿಸುವುದಿಲ್ಲ. ಹುದ್ದೆಗಳು ಕಡಿಮೆ, ಸ್ಪರ್ಧೆ ಬಹಳ.

ಪದವಿ ಮುಗಿಸಿ ನೇರವಾಗಿ ಐಟಿಗೆ ಹೋದರೆ ತಪ್ಪೇ?

ತಪ್ಪಲ್ಲ. ಮನೆಯ ಹಣಕಾಸಿನ ಅಗತ್ಯವಿದ್ದವರು ಹಾಗೆ ಮಾಡಿದರೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಆದರೆ ಐದಾರು ವರ್ಷ ಕಳೆದ ಮೇಲೆ ಸ್ಥಾವರಕ್ಕೆ ಮರಳುವುದು ಬಹಳ ಕಷ್ಟ ಎಂಬುದನ್ನು ಅರಿತು ಹೋಗಬೇಕು. ಎರಡನ್ನೂ ಬೆಸೆಯುವ ದಾರಿಗಳೂ ಇವೆ: ಪ್ರಕ್ರಿಯೆಯ ಸಿಮ್ಯುಲೇಶನ್ (ಗಣಕದಲ್ಲಿ ಅನುಕರಿಸಿ ನೋಡುವುದು), ಅಡ್ವಾನ್ಸ್ಡ್ ಪ್ರೋಸೆಸ್ ಕಂಟ್ರೋಲ್ (ಗಣಕದ ನೆರವಿನ ಸೂಕ್ಷ್ಮ ನಿಯಂತ್ರಣ), ಸ್ಥಾವರದ ದತ್ತಾಂಶದಿಂದ ಯಂತ್ರಗಳ ಕೆಡುಕನ್ನು ಮುಂಚೆಯೇ ಗುರುತಿಸುವ ಕೆಲಸ. ಇಂಟೆಲ್ ಕಂಪನಿಯನ್ನು ಮುನ್ನಡೆಸಿದ ಆಂಡಿ ಗ್ರೋವ್ ಓದಿದ್ದು ರಾಸಾಯನಿಕ ಎಂಜಿನಿಯರಿಂಗ್. ಚಿಪ್ ತಯಾರಿಕೆಯ ಹೃದಯದಲ್ಲಿರುವುದು ಅನಿಲ, ಆಮ್ಲ ಮತ್ತು ಅತಿಶುದ್ಧ ನೀರಿನ ನಿರ್ವಹಣೆ. ಭಾರತದಲ್ಲಿ ಚಿಪ್ ಕಾರ್ಖಾನೆಗಳು ತಲೆಯೆತ್ತುತ್ತಿರುವ ಈ ಹೊತ್ತಿನಲ್ಲಿ ಇದನ್ನು ಗಮನಿಸಬೇಕು.

ಭೋಪಾಲದಂತಹ ದುರಂತಗಳ ನಂತರವೂ ಈ ವೃತ್ತಿಯನ್ನು ಹೆಮ್ಮೆಯಿಂದ ಮಾಡಬಹುದೇ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ತಂದೆ-ತಾಯಿ ಕೇಳುತ್ತಾರೆ. ಅವರಿಗೆ ಅದನ್ನು ಕೇಳುವ ಹಕ್ಕಿದೆ. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದ ಕಾರ್ಖಾನೆಯಲ್ಲಿ ಮೀಥೈಲ್ ಐಸೊಸೈನೇಟ್ ಇದ್ದ ಟ್ಯಾಂಕಿಗೆ ನೀರು ಸೇರಿ ವಿಷಾನಿಲ ಹೊರಬಂದು ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಟ್ಯಾಂಕನ್ನು ತಂಪಾಗಿಡಬೇಕಿದ್ದ ಶೈತ್ಯೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು, ಅನಿಲವನ್ನು ಸುಡಬೇಕಿದ್ದ ಫ್ಲೇರ್ ದುರಸ್ತಿಗೆಂದು ಸಂಪರ್ಕ ಕಳೆದುಕೊಂಡಿತ್ತು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಲಾಕ್‌ಡೌನ್ ಕಾಲದಲ್ಲಿ ನಿಂತಿದ್ದ ಕಾರ್ಖಾನೆಯೊಂದರ ಸ್ಟೈರೀನ್ ಟ್ಯಾಂಕು ಬಿಸಿಯೇರಿ ಆವಿ ಹಬ್ಬಿತು. ಎರಡು ಘಟನೆಗಳ ನಡುವೆ ಮೂವತ್ತೈದು ವರ್ಷಗಳ ಅಂತರವಿದ್ದರೂ ಪಾಠ ಒಂದೇ: ಸುಮ್ಮನೆ ನಿಂತಿರುವ ಟ್ಯಾಂಕನ್ನೂ ಯಾರಾದರೂ ನೋಡುತ್ತಿರಬೇಕು, ಕೆಟ್ಟ ಸುರಕ್ಷತಾ ಸಾಧನವನ್ನು ‘ಆಮೇಲೆ ನೋಡೋಣ’ ಎಂದು ಬಿಡಬಾರದು.

ಭೋಪಾಲದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1987ರಲ್ಲಿ ಕಾರ್ಖಾನೆ ಕಾಯ್ದೆಯ ತಿದ್ದುಪಡಿ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಕಾನೂನು ಕಾಗದದ ಮೇಲಿದ್ದರೆ ಸಾಲದು, ಅದನ್ನು ಸ್ಥಾವರದಲ್ಲಿ ಜಾರಿಗೆ ತರುವವರು ಎಂಜಿನಿಯರ್‌ಗಳು. ಹ್ಯಾಜಾಪ್, ಅಂದರೆ ಸ್ಥಾವರದ ಅಪಾಯಗಳನ್ನು ಒಂದೊಂದಾಗಿ ಹುಡುಕುವ ಸಭೆಯಲ್ಲಿ ಕುಳಿತು ‘ಇಲ್ಲಿ ಹರಿವು ನಿಂತರೆ? ತಿರುಗಿ ಹರಿದರೆ? ಒತ್ತಡ ಏರಿದರೆ?’ ಎಂದು ಪ್ರತಿಯೊಂದು ಕೊಳವೆಗೂ ಕೇಳುತ್ತಾ ಹೋಗುವ ಕೆಲಸ ನಿಧಾನದ್ದು, ದಣಿಸುವಂಥದ್ದು. ಆದರೆ ಎಂದೂ ನಡೆಯದೇ ಹೋದ ಅಪಘಾತ ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ, ಅದರ ಹಿಂದೆ ಇಂತಹ ದುಡಿಮೆ ಇರುತ್ತದೆ. ಸ್ಥಾವರ ನಿಲ್ಲಿಸಬೇಕು ಎಂದು ಅನಿಸಿದಾಗ ನಿಲ್ಲಿಸುವ ಅಧಿಕಾರವನ್ನು ಪಾಳಿಯ ಎಂಜಿನಿಯರ್‌ಗೆ ಕೊಡದ, ನಿಲ್ಲಿಸಿದವರನ್ನು ಗದರಿಸುವ ಕಡೆ ಎಷ್ಟೇ ಸಂಬಳವಿದ್ದರೂ ಉಳಿಯಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ಮಹಿಳೆಯರಿಗೆ ಈ ವೃತ್ತಿ ಹೇಗೆ?

1948ರ ಕಾರ್ಖಾನೆ ಕಾಯ್ದೆ ಮಹಿಳೆಯರು ಸಂಜೆ ಏಳರಿಂದ ಬೆಳಗ್ಗೆ ಆರರವರೆಗೆ ಕಾರ್ಖಾನೆಯಲ್ಲಿ ದುಡಿಯುವುದನ್ನು ನಿರ್ಬಂಧಿಸಿತ್ತು. ಇದರಿಂದಾಗಿ ಉತ್ಪಾದನಾ ವಿಭಾಗದ ಬಾಗಿಲು ಅವರಿಗೆ ಬಹುಕಾಲ ಮುಚ್ಚಿತ್ತು. ಪ್ರಯೋಗಾಲಯ, ವಿನ್ಯಾಸ, ಬೋಧನೆಯ ಕಡೆಗೆ ಅವರನ್ನು ತಳ್ಳಲಾಯಿತು. ಪಾಳಿಯ ಅನುಭವವಿಲ್ಲ ಎಂಬ ಕಾರಣಕ್ಕೆ ಮುಂದೆ ಸ್ಥಾವರದ ಮುಖ್ಯಸ್ಥರ ಹುದ್ದೆಗಳೂ ತಪ್ಪಿದವು. ಇದು ದೊಡ್ಡ ಅನ್ಯಾಯವೇ. ಕರ್ನಾಟಕ ಸರ್ಕಾರ 2019ರಲ್ಲಿ ಸಾರಿಗೆ, ಭದ್ರತೆ ಮೊದಲಾದ ಷರತ್ತುಗಳೊಂದಿಗೆ ಈ ನಿರ್ಬಂಧವನ್ನು ಸಡಿಲಿಸಿತು. ಕಾನೂನು ಬದಲಾದರೂ ದೂರದ ಘಟಕದಲ್ಲಿ ಶೌಚಾಲಯವಿದೆಯೇ, ಅಳತೆಗೆ ಹೊಂದುವ ಸುರಕ್ಷತಾ ಬೂಟು-ಕೋಟು ಸಿಗುತ್ತದೆಯೇ, ರಾತ್ರಿ ವಾಹನ ಮನೆಬಾಗಿಲಿನವರೆಗೆ ಬರುತ್ತದೆಯೇ ಎಂಬ ಸಣ್ಣ ಸಂಗತಿಗಳೇ ಕೊನೆಗೆ ಯಾರು ಉಳಿಯುತ್ತಾರೆ ಎಂದು ನಿರ್ಧರಿಸುತ್ತವೆ. ಸಂದರ್ಶನದಲ್ಲಿ ಇವನ್ನು ಕೇಳಲು ಸಂಕೋಚ ಬೇಡ.

ಎಂ.ಟೆಕ್, ಪಿಎಚ್‌.ಡಿ, ಎಂಬಿಎ: ಯಾವುದು ಒಳ್ಳೆಯದು?

ವಿನ್ಯಾಸ ಮತ್ತು ಸಂಶೋಧನೆಗೆ ಎಂ.ಟೆಕ್ ನೆರವಾಗುತ್ತದೆ. ಪ್ರಶ್ನೆಯೊಂದು ನಿಜಕ್ಕೂ ಕಾಡುತ್ತಿದ್ದರೆ ಮಾತ್ರ ಪಿಎಚ್‌.ಡಿ. ಎಂಬಿಎಯನ್ನು ಮೂರು-ನಾಲ್ಕು ವರ್ಷ ಸ್ಥಾವರ ಕಂಡ ಮೇಲೆ ಮಾಡಿದರೆ ಅದಕ್ಕೆ ತೂಕ ಬರುತ್ತದೆ.

ವಿದೇಶದ ಅವಕಾಶಗಳು?

ಕೊಲ್ಲಿ ರಾಷ್ಟ್ರಗಳ ರುವೈಸ್, ಜುಬೈಲ್‌ನಂತಹ ಕೇಂದ್ರಗಳಿಗೆ ನಮ್ಮವರು ದಶಕಗಳಿಂದ ಹೋಗುತ್ತಿದ್ದಾರೆ. ಕರಾವಳಿಯ ಮನೆಗಳಿಗೆ ಇದು ಹೊಸ ವಿಷಯವೇನಲ್ಲ. ಅಲ್ಲಿ ಕೇಳುವುದು ಪದವಿಗಿಂತ ಹೆಚ್ಚಾಗಿ ಅದೇ ಬಗೆಯ ಘಟಕದಲ್ಲಿ ದುಡಿದ ಅನುಭವ. ಹಾಗಾಗಿ ವಿದೇಶಕ್ಕೆ ಹೋಗುವ ಆಸೆಯಿದ್ದವರು ಇಲ್ಲಿನ ಸಂಸ್ಕರಣಾಗಾರದಲ್ಲೋ ಅಮೋನಿಯಾ ಘಟಕದಲ್ಲೋ ಐದಾರು ವರ್ಷ ಗಟ್ಟಿಯಾಗಿ ನಿಂತಿರಬೇಕು.

ಹದಿನೈದು ವರ್ಷಗಳ ನಂತರ ಬೆಳವಣಿಗೆ ನಿಂತುಹೋಗುತ್ತದೆ ಎನ್ನುತ್ತಾರೆ. ನಿಜವೇ?

ಒಂದೇ ಘಟಕದಲ್ಲಿ, ಒಂದೇ ಉತ್ಪನ್ನದ ಸುತ್ತ ಹದಿನೈದು ವರ್ಷ ಕಳೆದವರಿಗೆ ನಿಜ. ಆ ಉತ್ಪನ್ನಕ್ಕೆ ಮಾರುಕಟ್ಟೆ ಕುಸಿದರೆ ಅವರ ಜ್ಞಾನಕ್ಕೂ ಬೆಲೆ ಕುಸಿಯುತ್ತದೆ. ಉತ್ಪನ್ನದ ಬದಲು ಕ್ರಿಯೆಗಳನ್ನು ಕಲಿತವರ ಸ್ಥಿತಿ ಹಾಗಲ್ಲ. ಬಟ್ಟಿ, ಸ್ಫಟಿಕೀಕರಣ, ಒಣಗಿಸುವಿಕೆ, ಶಾಖದ ವಿನಿಮಯ ಇವು ಸಕ್ಕರೆಯಲ್ಲೂ ಔಷಧದಲ್ಲೂ ಒಂದೇ ನಿಯಮಕ್ಕೆ ಒಳಪಟ್ಟಿವೆ; ಸಕ್ಕರೆ ಕಾರ್ಖಾನೆಯ ಪ್ಯಾನಿನಲ್ಲಿ ಹರಳು ಬೆಳೆಸುವುದನ್ನು ಚೆನ್ನಾಗಿ ಬಲ್ಲವರು ಔಷಧದ ಸ್ಫಟಿಕೀಕರಣವನ್ನು ಬೇಗ ಹಿಡಿಯುತ್ತಾರೆ. ಏಳೆಂಟು ವರ್ಷದ ಹೊತ್ತಿಗೆ ಒಮ್ಮೆ ವಿಭಾಗ ಬದಲಾಯಿಸುವುದು, ಅಂದರೆ ಉತ್ಪಾದನೆಯಿಂದ ತಾಂತ್ರಿಕ ಸೇವೆಗೋ, ಹೊಸ ಯೋಜನೆಯ ಕಮಿಷನಿಂಗ್‌ಗೋ (ಹೊಸ ಸ್ಥಾವರವನ್ನು ಮೊದಲ ಬಾರಿ ಚಾಲೂ ಮಾಡುವ ಕೆಲಸ), ಪ್ರಕ್ರಿಯಾ ಸುರಕ್ಷತೆಗೋ ಹೋಗುವುದು ಆರೋಗ್ಯಕರ. ಅದರಲ್ಲೂ ಕಮಿಷನಿಂಗ್ ಅವಕಾಶ ಬಂದರೆ ಬಿಡಬೇಡಿ. ಖಾಲಿ ಕೊಳವೆಗಳನ್ನು ತೊಳೆದು, ಸೋರಿಕೆ ಪರೀಕ್ಷಿಸಿ, ಮೊದಲ ಹನಿ ಉತ್ಪನ್ನ ಹೊರಬರುವವರೆಗಿನ ಆ ತಿಂಗಳುಗಳಲ್ಲಿ ಕಲಿಯುವುದು ಜೀವಮಾನಕ್ಕೆ ಸಾಲುತ್ತದೆ.

ಕೆಲಸ ಒಪ್ಪುವ ಮೊದಲು ಏನೇನು ವಿಚಾರಿಸಬೇಕು?

ಪಾಳಿಯಲ್ಲಿ ಎಷ್ಟು ವರ್ಷ ಇರಬೇಕಾಗುತ್ತದೆ, ಆಮೇಲೆ ಹಗಲಿನ ಕೆಲಸಕ್ಕೆ ಬರುವ ದಾರಿ ಇದೆಯೇ ಎಂದು ಕೇಳಿ. ಪಾಳಿಗೆ ಎಷ್ಟು ಎಂಜಿನಿಯರ್‌ಗಳು, ಒಬ್ಬರು ರಜೆ ಹಾಕಿದರೆ ಹದಿನಾರು ಗಂಟೆ ನಿಲ್ಲುವವರು ಯಾರು ಎಂದು ಕೇಳಿ. ಕೊನೆಯ ಹ್ಯಾಜಾಪ್ ಯಾವಾಗ ನಡೆಯಿತು, ಅದರಲ್ಲಿ ಬಂದ ಸಲಹೆಗಳು ಪೂರ್ತಿಯಾದವೇ ಎಂಬ ಪ್ರಶ್ನೆಗೆ ಸಂದರ್ಶಕರು ಕೊಡುವ ಉತ್ತರವನ್ನೂ, ಉತ್ತರಿಸುವಾಗಿನ ಮುಖವನ್ನೂ ಗಮನಿಸಿ. ಸಾಧ್ಯವಾದರೆ ಸ್ಥಾವರದೊಳಗೆ ಒಮ್ಮೆ ನಡೆದು ಬನ್ನಿ. ತುಕ್ಕು ಹಿಡಿದ ಕೈಕಂಬಿ, ಸದ್ದು ಮಾಡದಂತೆ ಕಟ್ಟಿಹಾಕಿದ ಅಲಾರಂ, ಅರ್ಧ ತುಂಬಿ ಬಿಟ್ಟ ಲಾಗ್ ಬುಕ್ ಇವು ಕಂಡರೆ ಕಂಪನಿಯ ಜಾಹೀರಾತಿನ ಪುಟಗಳನ್ನು ಓದುವ ಅಗತ್ಯವಿಲ್ಲ. ಮದುವೆಯಾದವರು ಸಂಗಾತಿಯ ಉದ್ಯೋಗಕ್ಕೆ ಆ ಊರಿನಲ್ಲಿ ಏನು ದಾರಿಯಿದೆ ಎಂಬುದನ್ನು ಸಂಬಳದ ಮಾತಿಗಿಂತ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು. ಕೆಲಸ ಚೆನ್ನಾಗಿದ್ದರೂ ಜನ ಕೆಲಸ ಬಿಡಲು ಇದು ಮುಖ್ಯ ಕಾರಣಗಳಲ್ಲಿ ಒಂದು, ಮತ್ತು ಸೇರುವ ದಿನ ಬಹಳ ಜನ ಇದನ್ನು ಯೋಚಿಸಿರುವುದಿಲ್ಲ.